ಉದ್ದಿಮೆಗಳಿಗೆ ಎಂಡ್‌ಪಾಯಿಂಟ್ ಸುರಕ್ಷತಾ ವ್ಯವಸ್ಥೆ: ಹೋಲಿಕೆ ಮತ್ತು ಆಯ್ಕೆ

ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆದಾರರ ಮಾಹಿತಿಗಾಗಿ

ಕಾರ್ಖಾನೆ, ಸಗಟು ಮಳಿಗೆ, ಸಹಕಾರ ಸಂಘ, ಖಾಸಗಿ ಚಿಕಿತ್ಸಾಲಯ, ಲೆಕ್ಕಪರಿಶೋಧಕರ ಕಚೇರಿ ಮುಂತಾದ ಯಾವುದೇ ಉದ್ದಿಮೆಯನ್ನು ತೆಗೆದುಕೊಂಡರೂ ಗಣಕಯಂತ್ರವಿಲ್ಲದೆ ಒಂದು ದಿನದ ಕೆಲಸವೂ ಸಾಗದಂತಹ ಸ್ಥಿತಿ ಇದೆ. ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿ, ಇ-ವೇ ಬಿಲ್, ನೌಕರರ ಭವಿಷ್ಯ ನಿಧಿಯ ವಂತಿಗೆ, ಬ್ಯಾಂಕ್ ವ್ಯವಹಾರ ಇವೆಲ್ಲವೂ ಸದರಿ ಯಂತ್ರಗಳ ಮೂಲಕವೇ ನಡೆಯುತ್ತವೆ. ಇವುಗಳ ರಕ್ಷಣೆಗಾಗಿ ಮಾರುಕಟ್ಟೆಯಲ್ಲಿ ಹತ್ತಾರು ಎಂಡ್‌ಪಾಯಿಂಟ್ ಸುರಕ್ಷತಾ ವ್ಯವಸ್ಥೆಗಳು ದೊರೆಯುತ್ತಿದ್ದು, ಮಾರಾಟಗಾರರು ನೀಡುವ ವಿವರಣಾ ಪತ್ರಗಳನ್ನು ಓದಿದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಯಾವ ತಂತ್ರಾಂಶವು ಹೆಚ್ಚು ವೈರಸ್ ಹಿಡಿಯುತ್ತದೆ ಎಂಬುದು ಉದ್ದಿಮೆದಾರರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ ತಂತ್ರಾಂಶವನ್ನು ಅಳವಡಿಸದೆ ಬಿಟ್ಟ ಒಂದು ಯಂತ್ರ, ಯಾರೂ ನೋಡದೆ ಉಳಿದ ಒಂದು ಎಚ್ಚರಿಕೆ, ಅಥವಾ ಸುರಕ್ಷತಾ ತಂತ್ರಾಂಶದಲ್ಲಿಯೇ ಉಂಟಾದ ಒಂದು ದೋಷ ಇಡೀ ಉದ್ದಿಮೆಯನ್ನು ನಿಲ್ಲಿಸಬಲ್ಲದು ಎಂಬುದಕ್ಕೆ ಇತ್ತೀಚಿನ ವರ್ಷಗಳಲ್ಲಿ ಸಾಕಷ್ಟು ನಿದರ್ಶನಗಳು ದೊರೆಯುತ್ತವೆ. ಆಯ್ಕೆಯ ಸಮಯದಲ್ಲಿ ಪರಿಶೀಲಿಸಬೇಕಾದ ಅಂಶಗಳನ್ನು ಈ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ. ಹೆಸರಿಸಲಾದ ಉತ್ಪನ್ನಗಳು ಉದಾಹರಣೆಗಾಗಿ ಮಾತ್ರ. ಯಾವುದನ್ನೂ ಶಿಫಾರಸು ಮಾಡುವ ಉದ್ದೇಶ ಇರುವುದಿಲ್ಲ.

ಎಂಡ್‌ಪಾಯಿಂಟ್ ಎಂದರೆ ಯಾವುದು?

ಉದ್ದಿಮೆಯ ಗಣಕ ಜಾಲದ ತುದಿಯಲ್ಲಿದ್ದು ಸಿಬ್ಬಂದಿಯು ನೇರವಾಗಿ ಬಳಸುವ ಯಂತ್ರವನ್ನು ಎಂಡ್‌ಪಾಯಿಂಟ್ ಎಂದು ಕರೆಯಲಾಗುತ್ತದೆ. ಮೇಜಿನ ಮೇಲಿನ ಗಣಕಯಂತ್ರ, ಮಾರಾಟ ಪ್ರತಿನಿಧಿಯ ಲ್ಯಾಪ್‌ಟಾಪ್, ಬಿಲ್ಲಿಂಗ್ ಕೌಂಟರಿನ ಯಂತ್ರ, ಕಚೇರಿಯ ಇ-ಮೇಲ್ ತೆರೆಯುವ ಮೊಬೈಲ್ ಫೋನ್ ಇವೆಲ್ಲವೂ ಇದರಲ್ಲಿ ಸೇರುತ್ತವೆ. ಲೆಕ್ಕಪತ್ರಗಳನ್ನು ಇರಿಸಿದ ಸರ್ವರ್ ಅನ್ನು ಯಾರೂ ಎದುರಿಗೆ ಕುಳಿತು ಬಳಸದಿದ್ದರೂ ಸುರಕ್ಷತೆಯ ಲೆಕ್ಕದಲ್ಲಿ ಅದನ್ನೂ ಎಂಡ್‌ಪಾಯಿಂಟ್ ಎಂದೇ ಪರಿಗಣಿಸಲಾಗುತ್ತದೆ. ಪರವಾನಗಿ ಶುಲ್ಕ ಮಾತ್ರ ಹಲವು ವೇಳೆ ಬೇರೆಯಾಗಿರುತ್ತದೆ. ಕಣ್ಗಾವಲು ಕ್ಯಾಮೆರಾ, ಮುದ್ರಕ, ಹಾಜರಾತಿ ಯಂತ್ರ ಇವು ಅದೇ ಜಾಲದಲ್ಲಿದ್ದರೂ ಇವುಗಳಲ್ಲಿ ಸುರಕ್ಷತಾ ತಂತ್ರಾಂಶವನ್ನು ಅಳವಡಿಸಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಈ ಕಡೆಯ ಗುಂಪನ್ನು ನೆನಪಿನಲ್ಲಿಡುವುದು ಅವಶ್ಯಕ.

ಆಂಟಿವೈರಸ್, ಇಡಿಆರ್, ಎಂಡಿಆರ್

ಹಳೆಯ ಮಾದರಿಯ ಆಂಟಿವೈರಸ್ ತಂತ್ರಾಂಶವು ಪ್ರತಿ ಕಡತವನ್ನು ಈಗಾಗಲೇ ಗುರುತಿಸಲಾದ ವೈರಸ್‌ಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತಿತ್ತು. ಪೊಲೀಸ್ ಠಾಣೆಯಲ್ಲಿ ಅಂಟಿಸಿದ ಭಾವಚಿತ್ರಗಳನ್ನು ನೋಡಿ ಆರೋಪಿಯನ್ನು ಗುರುತಿಸಿದಂತೆ. ಭಾವಚಿತ್ರವಿಲ್ಲದ ಹೊಸ ಕಳ್ಳನು ಇದರಿಂದ ತಪ್ಪಿಸಿಕೊಳ್ಳುತ್ತಿದ್ದನು. ಇಂದಿನ ಆಂಟಿವೈರಸ್‌ಗಳು ಇದಕ್ಕಿಂತ ಬಹಳ ಮುಂದುವರಿದಿವೆಯಾದರೂ ಅವುಗಳ ಮುಖ್ಯ ಕೆಲಸ ತಡೆಯುವುದೇ ಆಗಿದೆ.

ಇಡಿಆರ್ ಎಂದು ಕರೆಯಲಾಗುವ ವ್ಯವಸ್ಥೆಯು ಯಂತ್ರದಲ್ಲಿ ನಡೆಯುವ ಚಟುವಟಿಕೆಗಳನ್ನು ದಾಖಲಿಸುತ್ತಾ ಹೋಗುತ್ತದೆ. ಉದಾಹರಣೆಗೆ, ಇ-ಮೇಲ್‌ನಲ್ಲಿ ಬಂದ ಬಿಲ್ಲಿನ ಕಡತವೊಂದನ್ನು ತೆರೆದ ಕೂಡಲೇ ಅದು ವಿಂಡೋಸ್‌ನ ಪವರ್‌ಶೆಲ್ ಅನ್ನು ಚಾಲನೆಗೊಳಿಸುತ್ತದೆ. ಪವರ್‌ಶೆಲ್ ಅಂತರ್ಜಾಲದಿಂದ ಏನನ್ನೋ ಇಳಿಸಿಕೊಳ್ಳುತ್ತದೆ. ಆ ಬಳಿಕ ಯಂತ್ರದಲ್ಲಿನ ಹಳೆಯ ಪ್ರತಿಗಳನ್ನು ಅಳಿಸುವ ಆದೇಶ ಹೊರಡುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಬಿಡಿಯಾಗಿ ನೋಡಿದರೆ ನಿರುಪದ್ರವಿಯಾಗಿ ತೋರಬಹುದು. ಒಂದರ ನಂತರ ಒಂದು ನಡೆದುದನ್ನು ಜೋಡಿಸಿ ನೋಡಿದಾಗ ಮಾತ್ರ ದಾಳಿಯ ಸ್ವರೂಪ ತಿಳಿಯುತ್ತದೆ. ಹಾಗೆ ತಿಳಿದಾಗ ಆ ಯಂತ್ರವನ್ನು ದೂರದಿಂದಲೇ ಜಾಲದಿಂದ ಬೇರ್ಪಡಿಸುವ ಸೌಲಭ್ಯವೂ ಇಡಿಆರ್‌ನಲ್ಲಿ ಇರುತ್ತದೆ. ಇ-ಮೇಲ್, ಫೈರ್‌ವಾಲ್ ಮತ್ತು ಬಳಕೆದಾರರ ಲಾಗಿನ್ ದಾಖಲೆಗಳನ್ನೂ ಸೇರಿಸಿ ನೋಡುವ ವಿಸ್ತೃತ ರೂಪಕ್ಕೆ ಎಕ್ಸ್‌ಡಿಆರ್ ಎಂಬ ಹೆಸರಿದೆ.

ಎಂಡಿಆರ್ ಎಂಬುದು ಸೇವೆ. ಇಡಿಆರ್ ಕಳುಹಿಸುವ ಎಚ್ಚರಿಕೆಗಳನ್ನು ಹಗಲು ರಾತ್ರಿ ನೋಡಿ ಕ್ರಮ ಕೈಗೊಳ್ಳುವ ನುರಿತ ಸಿಬ್ಬಂದಿಯನ್ನು ಹೊರಗಿನ ಸಂಸ್ಥೆಯೊಂದು ಒದಗಿಸುತ್ತದೆ. ಮಾರಾಟಗಾರರು ಈ ಹೆಸರುಗಳನ್ನು ಸಡಿಲವಾಗಿ ಬಳಸುವುದುಂಟು. ಆದುದರಿಂದ ಹೆಸರನ್ನು ನಂಬದೆ, ಎಚ್ಚರಿಕೆ ಬಂದಾಗ ಮನುಷ್ಯರು ನೋಡುತ್ತಾರೆಯೇ, ನೋಡಿದ ನಂತರ ತಾವೇ ಯಂತ್ರವನ್ನು ಬೇರ್ಪಡಿಸುತ್ತಾರೆಯೇ ಅಥವಾ ಇ-ಮೇಲ್ ಕಳುಹಿಸಿ ಸುಮ್ಮನಾಗುತ್ತಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.

ಮೈಕ್ರೋಸಾಫ್ಟ್ ಡಿಫೆಂಡರ್, ಕ್ರೌಡ್‌ಸ್ಟ್ರೈಕ್ ಫಾಲ್ಕನ್, ಸೆಂಟಿನೆಲ್‌ಒನ್, ಸೋಫೋಸ್, ಟ್ರೆಂಡ್ ಮೈಕ್ರೋ, ಬಿಟ್‌ಡಿಫೆಂಡರ್, ಇಸೆಟ್ ಇವು ಉದ್ದಿಮೆಗಳಲ್ಲಿ ಬಳಕೆಯಲ್ಲಿರುವ ವಿದೇಶಿ ಉತ್ಪನ್ನಗಳಲ್ಲಿ ಕೆಲವು. ಪುಣೆಯ ಕ್ವಿಕ್ ಹೀಲ್ ಸಂಸ್ಥೆಯ ಸೆಕ್ರೈಟ್, ಚೆನ್ನೈನ ಕೆ7, ಮುಂಬಯಿಯ ಇಸ್ಕ್ಯಾನ್ ಇವು ಭಾರತೀಯ ಸಂಸ್ಥೆಗಳ ಉತ್ಪನ್ನಗಳು. ವಾಜು ಎಂಬುದು ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶವಾಗಿದೆ.

ಮೊದಲು ಸಿದ್ಧಪಡಿಸಬೇಕಾದ ಪಟ್ಟಿ

ದರಪಟ್ಟಿ ತರಿಸುವ ಮೊದಲು ಉದ್ದಿಮೆಯಲ್ಲಿರುವ ಎಲ್ಲಾ ಯಂತ್ರಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬೇಕು. ಯಂತ್ರ ಎಲ್ಲಿದೆ, ಯಾರು ಬಳಸುತ್ತಾರೆ, ವಿಂಡೋಸ್‌ನ ಯಾವ ಆವೃತ್ತಿ ಇದೆ, ಮೆಮೊರಿ ಎಷ್ಟು, ಜಾಲಕ್ಕೆ ಸಂಪರ್ಕ ಇದೆಯೇ ಎಂಬ ಐದು ಕಲಂಗಳು ಸಾಕು. ಗೋದಾಮಿನ ಮೂಲೆಯಲ್ಲಿರುವ ಹಳೆಯ ಯಂತ್ರ, ಮಾಲೀಕರ ಮನೆಯಲ್ಲಿರುವ ಲ್ಯಾಪ್‌ಟಾಪ್, ವಾರಕ್ಕೊಮ್ಮೆ ಬರುವ ಲೆಕ್ಕಿಗರು ತಮ್ಮೊಂದಿಗೆ ತರುವ ಯಂತ್ರ ಇವುಗಳೇ ಸಾಮಾನ್ಯವಾಗಿ ಬಿಟ್ಟುಹೋಗುವಂಥವು. ಯಶಸ್ವಿಯಾದ ರಾನ್ಸಮ್‌ವೇರ್ ದಾಳಿಗಳಲ್ಲಿ ಶೇಕಡ 80ರಿಂದ 90ರಷ್ಟು, ಸಂಸ್ಥೆಯ ನಿಯಂತ್ರಣಕ್ಕೆ ಒಳಪಡದ ಯಂತ್ರಗಳಿಂದಲೇ ಆರಂಭವಾಗಿದ್ದುವೆಂದು ಮೈಕ್ರೋಸಾಫ್ಟ್ ಸಂಸ್ಥೆಯು 2023ರ ತನ್ನ ವಾರ್ಷಿಕ ವರದಿಯಲ್ಲಿ ತಿಳಿಸಿದೆ.

ಎಸ್-ಆರ್‌ಎಂ ಎಂಬ ಭದ್ರತಾ ಸಂಸ್ಥೆಯು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಪ್ರಕರಣವು ಈ ವಿಷಯದಲ್ಲಿ ಗಮನಾರ್ಹವಾಗಿದೆ. ಅಕಿರಾ ಎಂಬ ರಾನ್ಸಮ್‌ವೇರ್ ತಂಡವು ಒಂದು ಸಂಸ್ಥೆಯ ಜಾಲದೊಳಗೆ ಪ್ರವೇಶಿಸಿ, ವಿಂಡೋಸ್ ಯಂತ್ರದ ಮೇಲೆ ತನ್ನ ತಂತ್ರಾಂಶವನ್ನು ಇರಿಸಲು ಪ್ರಯತ್ನಿಸಿತು. ಅಲ್ಲಿದ್ದ ಇಡಿಆರ್ ಅದನ್ನು ಗುರುತಿಸಿ ತಡೆಯಿತು. ಇಲ್ಲಿಯವರೆಗೆ ಹಣ ಕೊಟ್ಟು ಕೊಂಡ ವ್ಯವಸ್ಥೆ ತನ್ನ ಕರ್ತವ್ಯವನ್ನು ಸರಿಯಾಗಿಯೇ ನಿರ್ವಹಿಸಿತ್ತು. ಆಗ ದಾಳಿಕೋರರು ಅದೇ ಜಾಲದಲ್ಲಿ ಲಿನಕ್ಸ್ ಮೇಲೆ ನಡೆಯುತ್ತಿದ್ದ ವೆಬ್ ಕ್ಯಾಮೆರಾವೊಂದನ್ನು ಹುಡುಕಿ, ಅದರೊಳಗಿಂದ ಇತರ ಯಂತ್ರಗಳ ಹಂಚಿಕೆಯ ಫೋಲ್ಡರ್‌ಗಳಿಗೆ ಸಂಪರ್ಕ ಪಡೆದು ಕಡತಗಳಿಗೆ ಬೀಗ ಹಾಕಿದರು. ಕ್ಯಾಮೆರಾದಲ್ಲಿ ಇಡಿಆರ್ ಅಳವಡಿಸಲು ಅವಕಾಶವಿರಲಿಲ್ಲ. ಅದರ ಕಡೆಯಿಂದ ಬರುತ್ತಿದ್ದ ಅಸಹಜ ಸಂಚಾರವನ್ನು ಯಾರೂ ಗಮನಿಸಿರಲಿಲ್ಲ. ಕ್ಯಾಮೆರಾ, ಮುದ್ರಕಗಳನ್ನು ಗಣಕಯಂತ್ರಗಳ ಜಾಲದಿಂದ ಪ್ರತ್ಯೇಕಿಸಿ ಇಡಬೇಕೆಂಬುದು ಇದರಿಂದ ತಿಳಿದುಬರುತ್ತದೆ. ಇದಕ್ಕೆ ರೂಟರ್ ಅಥವಾ ಸ್ವಿಚ್‌ನಲ್ಲಿ ಕೆಲವು ಗಂಟೆಗಳ ಕೆಲಸ ಸಾಕಾಗಬಹುದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮೇಲೆ 2022ರ ನವೆಂಬರ್‌ನಲ್ಲಿ ನಡೆದ ದಾಳಿಯಲ್ಲಿ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿದ್ದಿತ್ತು. ಜಾಲವನ್ನು ಸರಿಯಾಗಿ ವಿಭಾಗಿಸದೇ ಇದ್ದುದೇ ಇದಕ್ಕೆ ಕಾರಣವೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು.

ಪಟ್ಟಿಯಲ್ಲಿ ಹಳೆಯ ಯಂತ್ರಗಳಿದ್ದಲ್ಲಿ ವಿಶೇಷ ಗಮನ ನೀಡಬೇಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಕ್ತಾಯವಾಗಿದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಒಂದು ಯಂತ್ರಭಾಗಗಳ ಘಟಕವನ್ನು ಉದಾಹರಣೆಯಾಗಿ ಭಾವಿಸಬಹುದು. ಕಚೇರಿಯಲ್ಲಿ ಹೊಸ ಯಂತ್ರಗಳಿದ್ದರೂ ಸಿಎನ್‌ಸಿ ಲೇತ್‌ಗೆ ಜೋಡಿಸಿದ ಗಣಕಯಂತ್ರ ವಿಂಡೋಸ್ 7ರಲ್ಲಿಯೇ ಉಳಿದಿರುತ್ತದೆ. ಅದನ್ನು ಬದಲಾಯಿಸಿದರೆ ಲೇತ್‌ನ ತಂತ್ರಾಂಶವೇ ನಡೆಯುವುದಿಲ್ಲ. ಅಂತಹ ಯಂತ್ರಕ್ಕೆ ಹೊಸ ಸುರಕ್ಷತಾ ತಂತ್ರಾಂಶ ಬೆಂಬಲ ನೀಡುತ್ತದೆಯೇ ಎಂಬುದನ್ನು ತಯಾರಕರ ಅಧಿಕೃತ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಬೆಂಬಲವಿಲ್ಲದಿದ್ದಲ್ಲಿ ಅದನ್ನು ಅಂತರ್ಜಾಲದಿಂದಲೂ ಕಚೇರಿಯ ಜಾಲದಿಂದಲೂ ಬೇರ್ಪಡಿಸುವುದೇ ದಾರಿ.

ರಾತ್ರಿ ಬಂದ ಎಚ್ಚರಿಕೆಯನ್ನು ನೋಡುವವರು ಯಾರು?

ಆಯ್ಕೆಯ ಅಂಶಗಳಲ್ಲಿ ಅತ್ಯಂತ ಮುಖ್ಯವಾದುದೂ ದರಪಟ್ಟಿಯಲ್ಲಿ ಎಲ್ಲಿಯೂ ಕಾಣದಿರುವುದೂ ಇದೇ ಆಗಿದೆ. ತಾನು ತನಿಖೆ ಮಾಡಿದ ಪ್ರಕರಣಗಳಲ್ಲಿ ಶೇಕಡ 83ರಷ್ಟು ರಾನ್ಸಮ್‌ವೇರ್‌ಗಳನ್ನು ಸ್ಥಳೀಯ ಕಚೇರಿ ವೇಳೆಯ ಹೊರಗೆ ಹರಿಯಬಿಡಲಾಗಿತ್ತೆಂದು ಸೋಫೋಸ್ ಸಂಸ್ಥೆಯು 2025ರ ವರದಿಯಲ್ಲಿ ಹೇಳಿದೆ. ಸದರಿ ಸಂಸ್ಥೆಯೇ ರಾತ್ರಿ ನಿಗಾ ಸೇವೆಯನ್ನು ಮಾರುವುದರಿಂದ ಈ ಅಂಕಿಯನ್ನು ತುಸು ಎಚ್ಚರದಿಂದ ಓದಬೇಕು. ಆದರೂ ಶನಿವಾರ ಸಂಜೆ ಬೀಗ ಹಾಕಿ ಸೋಮವಾರ ಬೆಳಿಗ್ಗೆ ತೆರೆಯುವ ಕಚೇರಿಯಲ್ಲಿ ದಾಳಿಕೋರರಿಗೆ ಮೂವತ್ತಕ್ಕೂ ಹೆಚ್ಚು ಗಂಟೆಗಳು ದೊರೆಯುತ್ತವೆ ಎಂಬುದನ್ನು ತಿಳಿಯಲು ಯಾವ ವರದಿಯೂ ಬೇಕಾಗುವುದಿಲ್ಲ.

ದಾಳಿಕೋರರು ಒಳಹೊಕ್ಕ ನಂತರ ಆಡಳಿತಾಧಿಕಾರದ ಪಾಸ್‌ವರ್ಡ್ ಪಡೆದು, ಮೊದಲು ಸುರಕ್ಷತಾ ತಂತ್ರಾಂಶವನ್ನು ಸ್ಥಗಿತಗೊಳಿಸಲು ಪ್ರಯತ್ನಿಸುವುದು ಸಾಮಾನ್ಯವಾಗಿದೆ. ಆ ಪ್ರಯತ್ನವೇ ಒಂದು ಎಚ್ಚರಿಕೆಯಾಗಿ ದಾಖಲಾಗುತ್ತದೆ. ಆದರೆ ಅದು ಯಾರೂ ತೆರೆಯದ ಇ-ಮೇಲ್ ಪೆಟ್ಟಿಗೆಗೆ ಹೋಗಿ ಬಿದ್ದರೆ ಪ್ರಯೋಜನವಿಲ್ಲ. ಗಣಕ ವಿಭಾಗದ ಸಿಬ್ಬಂದಿ ಇಲ್ಲದ ಉದ್ದಿಮೆಯು ದುಬಾರಿಯಾದ ಇಡಿಆರ್ ಖರೀದಿಸಿ ಅದರ ಪರದೆಯನ್ನು ತಿಂಗಳಿಗೊಮ್ಮೆ ನೋಡುವುದಕ್ಕಿಂತ, ಅಗ್ಗದ ಉತ್ಪನ್ನವನ್ನು ಮನುಷ್ಯರ ನಿಗಾ ಸೇವೆಯೊಂದಿಗೆ ಪಡೆಯುವುದು ಮೇಲು. ಸ್ಥಳೀಯ ಗಣಕ ಸೇವಾದಾರರೇ ಈ ಹೊಣೆಯನ್ನು ಹೊರಲು ಮುಂದೆ ಬಂದಲ್ಲಿ, ರಾತ್ರಿ ಮತ್ತು ರಜಾದಿನಗಳಲ್ಲಿ ಕರೆ ಸ್ವೀಕರಿಸುವವರ ವಿವರ ಹಾಗೂ ಎಷ್ಟು ನಿಮಿಷದೊಳಗೆ ಯಂತ್ರವನ್ನು ಬೇರ್ಪಡಿಸಲಾಗುವುದು ಎಂಬ ಷರತ್ತು ಒಪ್ಪಂದದಲ್ಲಿ ಇರತಕ್ಕದ್ದು.

ಪರೀಕ್ಷಾ ಸಂಸ್ಥೆಗಳ ಅಂಕಗಳನ್ನು ಓದುವ ವಿಧಾನ

ಜರ್ಮನಿಯ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳು ಉದ್ದಿಮೆ ಬಳಕೆಯ ತಂತ್ರಾಂಶಗಳನ್ನು ನಿಯಮಿತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಉಚಿತವಾಗಿ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ ಮತ್ತು ಬಳಕೆಯ ಅನುಕೂಲಕ್ಕೆ ತಲಾ 6ರಂತೆ ಒಟ್ಟು 18 ಅಂಕಗಳನ್ನು ನೀಡುತ್ತದೆ. ಪ್ರಮುಖ ಉತ್ಪನ್ನಗಳಲ್ಲಿ ಹಲವು 17.5 ಅಥವಾ 18 ಪಡೆಯುವುದರಿಂದ ಅರ್ಧ ಅಂಕದ ಅಂತರವನ್ನು ಆಧರಿಸಿ ನಿರ್ಧಾರ ಮಾಡುವುದು ಸೂಕ್ತವಲ್ಲ. ಈ ಪಟ್ಟಿಗಳಲ್ಲಿ ಹುಡುಕಬೇಕಾದುದು ಪದೇ ಪದೇ ಕೆಳಗುಳಿಯುವ ಹೆಸರುಗಳನ್ನು, ಮತ್ತು ಸರಿಯಾದ ಕಡತವನ್ನೇ ವೈರಸ್ ಎಂದು ತಪ್ಪಾಗಿ ಹಿಡಿದ ಪ್ರಮಾಣವನ್ನು. ತಪ್ಪು ಎಚ್ಚರಿಕೆಗಳು ಹೆಚ್ಚಾದಲ್ಲಿ ಸಿಬ್ಬಂದಿಯು ನಿಜವಾದುದನ್ನೂ ಅಲಕ್ಷಿಸಲಾರಂಭಿಸುತ್ತಾರೆ.

ಅಮೆರಿಕದ ಮೈಟರ್ ಸಂಸ್ಥೆಯ ಮೌಲ್ಯಮಾಪನವು ಬೇರೆ ಬಗೆಯದು. ನಿಜವಾದ ದಾಳಿಕೋರ ತಂಡಗಳ ವಿಧಾನಗಳನ್ನು ಅನುಕರಿಸಿ, ಪ್ರತಿ ಹಂತದಲ್ಲಿ ಉತ್ಪನ್ನಕ್ಕೆ ಏನು ಕಂಡಿತೆಂದು ಅದು ದಾಖಲಿಸುತ್ತದೆ. ಯಾರಿಗೂ ಸ್ಥಾನ ಅಥವಾ ಅಂಕ ನೀಡುವುದಿಲ್ಲ. ಜಾಹೀರಾತುಗಳಲ್ಲಿ ಕಾಣುವ ಶೇಕಡ ನೂರರ ಹೇಳಿಕೆಗಳು ಆಯಾ ಕಂಪನಿಗಳು ತಾವೇ ಮಾಡಿಕೊಂಡ ಲೆಕ್ಕಾಚಾರಗಳಾಗಿರುತ್ತವೆ. 2025ರ ಸುತ್ತಿನಲ್ಲಿ ಮೈಕ್ರೋಸಾಫ್ಟ್, ಸೆಂಟಿನೆಲ್‌ಒನ್ ಮತ್ತು ಪಾಲೊ ಆಲ್ಟೊ ನೆಟ್‌ವರ್ಕ್ಸ್ ಭಾಗವಹಿಸಲಿಲ್ಲವಾದ್ದರಿಂದ ಆ ವರ್ಷದ ಫಲಿತಾಂಶದಲ್ಲಿ ಈ ಮೂರನ್ನು ಇತರರೊಂದಿಗೆ ಹೋಲಿಸಲು ಬರುವುದಿಲ್ಲ.

2024ರ ಜುಲೈ 19ರ ಘಟನೆ

ಸುರಕ್ಷತಾ ತಂತ್ರಾಂಶವು ಯಂತ್ರದ ಅತ್ಯಂತ ಆಳದ ಸ್ತರದಲ್ಲಿ ಕಾರ್ಯನಿರ್ವಹಿಸುತ್ತದೆ. ಅಲ್ಲಿ ದೋಷ ಉಂಟಾದರೆ ಯಂತ್ರವೇ ಆರಂಭವಾಗುವುದಿಲ್ಲ. 2024ರ ಜುಲೈ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಬಿಡುಗಡೆ ಮಾಡಿದ ಪತ್ತೆ ನಿಯಮಗಳ ಕಡತವೊಂದರಲ್ಲಿ ಇಂತಹ ದೋಷವಿತ್ತು. ತಂತ್ರಾಂಶವು 20 ಮೌಲ್ಯಗಳನ್ನು ನಿರೀಕ್ಷಿಸುತ್ತಿದ್ದ ಕಡೆ ಕಡತವು 21ನೆಯದನ್ನೂ ಓದಲು ಹೇಳುತ್ತಿತ್ತು. ಇಲ್ಲದ ಆ ಮೌಲ್ಯವನ್ನು ಹುಡುಕುತ್ತಾ ವಿಂಡೋಸ್ ಕುಸಿದು ಬಿದ್ದು ನೀಲಿ ಪರದೆ ಕಾಣಿಸಿಕೊಂಡಿತು. 78 ನಿಮಿಷಗಳಲ್ಲಿ ಕಡತವನ್ನು ಹಿಂಪಡೆಯಲಾಯಿತಾದರೂ ಅಷ್ಟರೊಳಗೆ ಸುಮಾರು 85 ಲಕ್ಷ ಯಂತ್ರಗಳು ಬಾಧಿತವಾಗಿದ್ದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ವಿಮಾನಯಾನ ಸಂಸ್ಥೆಗಳ ಸೇವೆಗೆ ತೊಂದರೆಯಾಗಿ, ಭಾರತದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾದ ಸಂದರ್ಭವೂ ಒದಗಿತು.

ಕಡತ ಹಿಂಪಡೆದರೂ ಕುಸಿದ ಯಂತ್ರಗಳು ತಾವಾಗಿ ಸರಿಹೋಗಲಿಲ್ಲ. ಅವುಗಳಲ್ಲಿ ಹಲವನ್ನು ಒಂದೊಂದಾಗಿ ಸೇಫ್ ಮೋಡ್‌ನಲ್ಲಿ ಆರಂಭಿಸಿ ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಬಿಟ್‌ಲಾಕರ್ ಬೀಗವಿದ್ದ ಯಂತ್ರಗಳಿಗೆ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕಾಗುತ್ತಿತ್ತು. ಕೀಲಿಗಳನ್ನು ಇರಿಸಿದ ಸರ್ವರ್ ಸಹ ಕುಸಿದಿದ್ದ ಕಡೆಗಳಲ್ಲಿ ಕೆಲಸ ಇನ್ನಷ್ಟು ಕಠಿಣವಾಯಿತು. ತಂತ್ರಾಂಶದ ಹೊಸ ಆವೃತ್ತಿಯನ್ನು ತಡವಾಗಿ ಪಡೆಯುವ ಸೌಲಭ್ಯವನ್ನು ಹಲವು ಗ್ರಾಹಕರು ಆರಿಸಿಕೊಂಡಿದ್ದರು. ಆದರೆ ಆ ಸೌಲಭ್ಯವು ಪತ್ತೆ ನಿಯಮಗಳ ಕಡತಗಳಿಗೆ ಅನ್ವಯಿಸುತ್ತಿರಲಿಲ್ಲ. ಘಟನೆಯ ನಂತರ ಸದರಿ ಸಂಸ್ಥೆಯು ಅವುಗಳ ಮೇಲೂ ಗ್ರಾಹಕರಿಗೆ ನಿಯಂತ್ರಣ ನೀಡಿದೆ.

ಆದುದರಿಂದ ಯಾವುದೇ ಉತ್ಪನ್ನವನ್ನು ಪರಿಶೀಲಿಸುವಾಗ, ತಂತ್ರಾಂಶದ ಆವೃತ್ತಿ ಮತ್ತು ಪತ್ತೆ ನಿಯಮಗಳ ಕಡತ ಇವೆರಡನ್ನೂ ಮೊದಲು ಎರಡು ಮೂರು ಯಂತ್ರಗಳಿಗೆ, ನಂತರ ಉಳಿದವಕ್ಕೆ ಬಿಡುವ ಅವಕಾಶ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಬಿಲ್ಲಿಂಗ್ ಕೌಂಟರ್ ಮತ್ತು ಸರ್ವರ್ ಎಂದಿಗೂ ಮೊದಲ ಗುಂಪಿನಲ್ಲಿ ಇರಬಾರದು. ಬಿಟ್‌ಲಾಕರ್ ಕೀಲಿಗಳನ್ನು ಮುದ್ರಿಸಿ ಕಚೇರಿಯ ತಿಜೋರಿಯಲ್ಲಿ ಇಡುವುದು ಹಳೆಯ ಕಾಲದ ಕ್ರಮದಂತೆ ತೋರಿದರೂ ಅಂದು ಉಪಯೋಗಕ್ಕೆ ಬರುತ್ತಿದ್ದುದು ಅದೇ.

ತಯಾರಕ ಸಂಸ್ಥೆಯೇ ಬದಲಾದಲ್ಲಿ

ಮೂರು ವರ್ಷದ ಪರವಾನಗಿಗೆ ಹಣ ಪಾವತಿಸುವಾಗ ತಯಾರಕ ಸಂಸ್ಥೆಯ ಭವಿಷ್ಯವನ್ನೂ ಯೋಚಿಸಬೇಕಾಗುತ್ತದೆ. ಸಿಮ್ಯಾಂಟೆಕ್‌ನ ಉದ್ದಿಮೆ ಸುರಕ್ಷತಾ ವಿಭಾಗ 2019ರಲ್ಲಿ ಬ್ರಾಡ್‌ಕಾಮ್ ಪಾಲಾಯಿತು. ಮ್ಯಾಕಫಿಯ ಉದ್ದಿಮೆ ವಿಭಾಗವು ಫೈರ್‌ಐ ಜೊತೆ ಸೇರಿ 2022ರಲ್ಲಿ ಟ್ರೆಲಿಕ್ಸ್ ಎಂಬ ಹೊಸ ಹೆಸರು ಪಡೆಯಿತು. ಸೈಲೆನ್ಸ್ ಎಂಬ ಉತ್ಪನ್ನವನ್ನು 2019ರಲ್ಲಿ ಸುಮಾರು 140 ಕೋಟಿ ಡಾಲರ್‌ಗಳಿಗೆ ಕೊಂಡ ಬ್ಲ್ಯಾಕ್‌ಬೆರಿ ಸಂಸ್ಥೆಯು 2025ರಲ್ಲಿ ಅದನ್ನು ಅತ್ಯಲ್ಪ ಬೆಲೆಗೆ ಆರ್ಕ್‌ಟಿಕ್ ವುಲ್ಫ್‌ಗೆ ಮಾರಿತು. ಅಮೆರಿಕವು 2024ರ ಜೂನ್‌ನಲ್ಲಿ ರಷ್ಯಾದ ಕ್ಯಾಸ್ಪರ್ಸ್ಕಿ ತಂತ್ರಾಂಶದ ಮಾರಾಟವನ್ನು ತನ್ನಲ್ಲಿ ನಿಷೇಧಿಸಿ, ಸೆಪ್ಟೆಂಬರ್ 29ರ ನಂತರ ಅಪ್‌ಡೇಟ್‌ಗಳನ್ನೂ ನಿಲ್ಲಿಸಲು ಆದೇಶಿಸಿತು. ಅಲ್ಲಿನ ಅನೇಕ ಮನೆಬಳಕೆ ಗ್ರಾಹಕರು ಒಂದು ದಿನ ತಮ್ಮ ಯಂತ್ರದಲ್ಲಿ ಅಲ್ಟ್ರಾಎವಿ ಎಂಬ ಬೇರೆ ತಂತ್ರಾಂಶ ತಾನಾಗಿ ಬಂದು ಕುಳಿತಿರುವುದನ್ನು ಕಂಡರು. ಅಮೆರಿಕಕ್ಕೆ ಸರಕು ಅಥವಾ ಸೇವೆ ರಫ್ತು ಮಾಡುವ ಉದ್ದಿಮೆಗಳು ತಮ್ಮ ಖರೀದಿದಾರರ ಷರತ್ತುಗಳಲ್ಲಿ ಇಂತಹ ನಿರ್ಬಂಧ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಒಳಿತು. ಒಂದು ವರ್ಷದ ಪರವಾನಗಿಯು ತುಸು ದುಬಾರಿಯಾದರೂ ಸಣ್ಣ ಉದ್ದಿಮೆಗೆ ಹೆಚ್ಚು ಸುರಕ್ಷಿತ.

ಕಾನೂನಿನ ಅಗತ್ಯಗಳು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 70ಬಿ ಅಡಿಯಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ 2022ರ ಸೆಪ್ಟೆಂಬರ್ 25ರಿಂದ ಅನ್ವಯಿಸಿವೆ. ನಿಗದಿತ ಬಗೆಯ ಸೈಬರ್ ಘಟನೆಯು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು ಹಾಗೂ ಗಣಕ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನಗಳವರೆಗೆ ಉಳಿಸಿಕೊಳ್ಳತಕ್ಕದ್ದು. ಇಡಿಆರ್ ಉತ್ಪನ್ನಗಳ ಮೂಲ ಪರವಾನಗಿಯಲ್ಲಿ ದಾಖಲೆಗಳು 30 ದಿನ ಅಥವಾ ಅದಕ್ಕೂ ಕಡಿಮೆ ಅವಧಿಗೆ ಮಾತ್ರ ಉಳಿಯುವುದುಂಟು. ಹೆಚ್ಚಿನ ಅವಧಿಗೆ ಪ್ರತ್ಯೇಕ ಶುಲ್ಕ ವಿಧಿಸಲಾಗುತ್ತದೆ. ದರಪಟ್ಟಿಯಲ್ಲಿ ಈ ಸಾಲು ಇದೆಯೇ ಎಂದು ನೋಡಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಕರ್ತವ್ಯಗಳು ಪ್ರಕಟಣೆಯ 18 ತಿಂಗಳ ನಂತರ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಗ್ರಾಹಕರ, ರೋಗಿಗಳ ಅಥವಾ ನೌಕರರ ವೈಯಕ್ತಿಕ ವಿವರಗಳಿಗೆ ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದೆ ಅವು ಸೋರಿಕೆಯಾದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ.

ಪ್ರಾಯೋಗಿಕ ಬಳಕೆ

ಬಹುತೇಕ ತಯಾರಕರು ಸುಮಾರು 30 ದಿನಗಳ ಪ್ರಾಯೋಗಿಕ ಬಳಕೆಗೆ ಅವಕಾಶ ನೀಡುತ್ತಾರೆ. ಇದನ್ನು ಅತ್ಯುತ್ತಮ ಯಂತ್ರದಲ್ಲಿ ನೋಡದೆ, ಉದ್ದಿಮೆಯ ಅತಿ ಹಳೆಯ ಯಂತ್ರ, ಲೆಕ್ಕಪತ್ರ ವಿಭಾಗದ ಯಂತ್ರ ಮತ್ತು ಹೊರಗೆ ಸಂಚರಿಸುವ ಒಂದು ಲ್ಯಾಪ್‌ಟಾಪ್‌ನಲ್ಲಿ ನೋಡಬೇಕು. 4 ಜಿಬಿ ಮೆಮೊರಿಯ ಯಂತ್ರದಲ್ಲಿ ಪೂರ್ಣ ಸ್ಕ್ಯಾನ್ ನಡೆಯುತ್ತಿರುವಾಗ ಬಿಲ್ ಮುದ್ರಿಸಿದರೆ ಎಷ್ಟು ತಡವಾಗುತ್ತದೆ ಎಂಬುದನ್ನು ಯಾವ ಪರೀಕ್ಷಾ ವರದಿಯೂ ಹೇಳಲಾರದು.

ಲೆಕ್ಕಪತ್ರ ತಂತ್ರಾಂಶದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಟ್ಯಾಲಿಯಂತಹ ತಂತ್ರಾಂಶ ನಿಧಾನವಾದಾಗ ಅದರ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡುವಂತೆ ಸೇವಾದಾರರು ಸೂಚಿಸುವುದು ವಾಡಿಕೆ. ನಿರ್ದಿಷ್ಟ ಫೋಲ್ಡರಿಗೆ ಮಾತ್ರ ವಿನಾಯಿತಿ ನೀಡುವುದು ಒಪ್ಪತಕ್ಕ ಕ್ರಮ. ಕೆಲಸ ಬೇಗ ಮುಗಿಯಲೆಂದು ಇಡೀ ಡಿ ಡ್ರೈವ್ ಅನ್ನೇ ಹೊರಗಿಟ್ಟು ಹೋಗುವುದು, ಅಥವಾ ಸುರಕ್ಷತಾ ತಂತ್ರಾಂಶವನ್ನೇ ನಿಲ್ಲಿಸಿ ಪುನಃ ಆರಂಭಿಸಲು ಮರೆಯುವುದು ಸಲ್ಲದು. ವಿನಾಯಿತಿಗಳ ಪಟ್ಟಿಯನ್ನು ಒಂದೇ ಪರದೆಯಲ್ಲಿ ತೋರಿಸುವ, ತಂತ್ರಾಂಶ ನಿಂತಲ್ಲಿ ಮಾಲೀಕರಿಗೆ ತಿಳಿಸುವ ಹಾಗೂ ಪಾಸ್‌ವರ್ಡ್ ಇಲ್ಲದೆ ತೆಗೆದುಹಾಕಲು ಬಿಡದ ಉತ್ಪನ್ನವು ಈ ಕಾರಣದಿಂದ ಹೆಚ್ಚು ಯೋಗ್ಯವಾಗಿರುತ್ತದೆ. ಪರವಾನಗಿಯಿಲ್ಲದ ತಂತ್ರಾಂಶವನ್ನು ಕ್ರ್ಯಾಕ್ ಬಳಸಿ ನಡೆಸುವ ಯಂತ್ರಗಳಲ್ಲಿ, ಆ ಕ್ರ್ಯಾಕ್ ನಡೆಯಲೆಂದೇ ಸುರಕ್ಷತೆಯನ್ನು ನಿಲ್ಲಿಸಿರುವ ಸಾಧ್ಯತೆ ಇರುತ್ತದೆ. ಅಂತಹ ಯಂತ್ರಕ್ಕೆ ಯಾವ ವ್ಯವಸ್ಥೆಯನ್ನು ಆರಿಸಿದರೂ ವ್ಯರ್ಥ.

ತಂತ್ರಾಂಶವು ಚಾಲನೆಯಲ್ಲಿದೆಯೇ ಎಂದು ತಿಳಿಯಲು 68 ಅಕ್ಷರಗಳ ನಿರುಪದ್ರವಿ ಐಕಾರ್ ಪರೀಕ್ಷಾ ಕಡತವನ್ನು ಬಳಸಬಹುದು. ಶನಿವಾರ ರಾತ್ರಿ 9 ಗಂಟೆಗೆ ಇದನ್ನು ಒಂದು ಯಂತ್ರದಲ್ಲಿ ತೆರೆದು, ಎಚ್ಚರಿಕೆ ಯಾರಿಗೆ ಎಷ್ಟು ಹೊತ್ತಿಗೆ ತಲುಪಿತೆಂದು ಬರೆದಿಟ್ಟುಕೊಳ್ಳಬೇಕು. ನಿಗಾ ಸೇವೆಯ ಸಿಬ್ಬಂದಿಗೆ ಈ ಕಡತದ ಪರಿಚಯ ಇದ್ದೇ ಇರುವುದರಿಂದ ಅವರು ದೊಡ್ಡ ಕ್ರಮವನ್ನೇನೂ ಕೈಗೊಳ್ಳಲಾರರು. ಆದರೆ ಕರೆ ಬರುತ್ತದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಅದೇ ದಿನ ಒಂದು ಯಂತ್ರವನ್ನು ದೂರದಿಂದ ಬೇರ್ಪಡಿಸಿ ಮತ್ತೆ ಸೇರಿಸಿ ನೋಡುವುದೂ ಉಚಿತ.

ಕೆಲವು ಉತ್ಪನ್ನಗಳು ಬೀಗ ಬಿದ್ದ ಕಡತಗಳನ್ನು ಹಿಂದಿನ ಸ್ಥಿತಿಗೆ ತರುವ ಸೌಲಭ್ಯವನ್ನು ಪ್ರಚಾರ ಮಾಡುತ್ತವೆ. ಅವುಗಳಲ್ಲಿ ಕೆಲವು ವಿಂಡೋಸ್ ಅದೇ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ನೆರಳು ಪ್ರತಿಗಳನ್ನು ಅವಲಂಬಿಸಿರುತ್ತವೆ. ಇದು ಬ್ಯಾಕಪ್‌ಗೆ ಬದಲಿಯಲ್ಲ. ಪ್ರತಿದಿನದ ಕೆಲಸ ಮುಗಿದ ಮೇಲೆ ಯಂತ್ರದಿಂದ ಕಳಚಿ ಬೇರೆಡೆ ಇಡುವ ಡಿಸ್ಕ್‌ನ ಖರ್ಚನ್ನು ಸುರಕ್ಷತಾ ವ್ಯವಸ್ಥೆಯ ಆಯವ್ಯಯದಲ್ಲಿಯೇ ಸೇರಿಸತಕ್ಕದ್ದು.

ದರಪಟ್ಟಿಗಳ ಹೋಲಿಕೆ

ದರವು ಕೆಲವೆಡೆ ಯಂತ್ರಕ್ಕೆ, ಕೆಲವೆಡೆ ಬಳಕೆದಾರರಿಗೆ ಲೆಕ್ಕವಾಗುತ್ತದೆ. ಪಾಳಿಯಲ್ಲಿ ಮೂವರು ಒಂದೇ ಯಂತ್ರ ಬಳಸುವ ಕಾರ್ಖಾನೆಗೆ ಯಂತ್ರದ ಲೆಕ್ಕವೂ, ಒಬ್ಬರೇ ಲ್ಯಾಪ್‌ಟಾಪ್ ಮತ್ತು ಫೋನ್ ಎರಡನ್ನೂ ಬಳಸುವ ಕಚೇರಿಗೆ ಬಳಕೆದಾರರ ಲೆಕ್ಕವೂ ಲಾಭಕರವಾಗಬಹುದು. ಸರ್ವರ್ ಪರವಾನಗಿ, ದಾಖಲೆ ಉಳಿಕೆ, ನಿಗಾ ಸೇವೆ, ಅಳವಡಿಕೆ ಶುಲ್ಕ ಮತ್ತು ಶೇಕಡ 18 ಸರಕು ಮತ್ತು ಸೇವಾ ತೆರಿಗೆ ಇವೆಲ್ಲವನ್ನೂ ಸೇರಿಸಿದ ಮೊತ್ತವನ್ನು, ಮೊದಲ ವರ್ಷಕ್ಕೆ ಮಾತ್ರವಲ್ಲದೆ ಎರಡನೆಯ ವರ್ಷದ ನವೀಕರಣಕ್ಕೂ, ಬರವಣಿಗೆಯಲ್ಲಿ ಪಡೆಯಬೇಕು. ಮನೆಬಳಕೆಗೆಂದು ಉಚಿತವಾಗಿ ದೊರೆಯುವ ಹಲವು ಆಂಟಿವೈರಸ್‌ಗಳ ಪರವಾನಗಿಯು ವಾಣಿಜ್ಯ ಬಳಕೆಗೆ ಅನುಮತಿ ನೀಡುವುದಿಲ್ಲ.

ಉದ್ದಿಮೆಯ ಗಾತ್ರಕ್ಕೆ ತಕ್ಕ ಆಯ್ಕೆ

ಹತ್ತಕ್ಕಿಂತ ಕಡಿಮೆ ಯಂತ್ರಗಳಿದ್ದು, ಎಲ್ಲವೂ ವಿಂಡೋಸ್ 11 ಆಗಿದ್ದಲ್ಲಿ, ಅದರೊಂದಿಗೇ ಬರುವ ಡಿಫೆಂಡರ್ ಆಂಟಿವೈರಸ್ ಅನ್ನು ನಿಲ್ಲಿಸದೆ, ತಿದ್ದುಪಡಿ ನಿರೋಧಕ ಸೌಲಭ್ಯವನ್ನು ಚಾಲನೆಯಲ್ಲಿಟ್ಟು, ಸಿಬ್ಬಂದಿಗೆ ಆಡಳಿತಾಧಿಕಾರವಿಲ್ಲದ ಸಾಮಾನ್ಯ ಖಾತೆ ನೀಡಿ, ಅಪ್‌ಡೇಟ್ ಮತ್ತು ಬ್ಯಾಕಪ್ ತಪ್ಪದೆ ಮಾಡುವುದು ಆರಂಭಕ್ಕೆ ಸಾಕಾಗಬಹುದು. ಇದರ ಕೊರತೆಯೆಂದರೆ ಎಲ್ಲಾ ಯಂತ್ರಗಳ ಸ್ಥಿತಿಯನ್ನು ಒಂದೆಡೆ ನೋಡಲಾಗದಿರುವುದು. ಅದು ಬೇಕಾದಲ್ಲಿ 300 ಬಳಕೆದಾರರವರೆಗಿನ ಸಂಸ್ಥೆಗಳಿಗೆಂದು ಇರುವ ಡಿಫೆಂಡರ್ ಫಾರ್ ಬಿಸಿನೆಸ್ ಅನ್ನಾಗಲೀ ಇತರ ತಯಾರಕರ ಸಮಾನ ಉತ್ಪನ್ನವನ್ನಾಗಲೀ ಪಡೆಯಬಹುದು. ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಚಂದಾ ಪಾವತಿಸುತ್ತಿರುವ ಕಚೇರಿಗಳಿಗೆ ಇದು ಅದರಲ್ಲಿಯೇ ಸೇರಿರುತ್ತದೆ. ಈ ಸಂಗತಿ ತಿಳಿಯದೆ ಬೇರೊಂದಕ್ಕೆ ಹಣ ತೆರಬಾರದು.

ಹತ್ತರಿಂದ ನೂರು ಯಂತ್ರಗಳಿದ್ದು ಗಣಕ ಸಿಬ್ಬಂದಿ ಇಲ್ಲದ ಉದ್ದಿಮೆಗಳೇ ಹೆಚ್ಚು ಅಪಾಯದಲ್ಲಿರುವಂಥವು. ಇವುಗಳಿಗೆ ನಿಗಾ ಸೇವೆ ಸಹಿತವಾದ ವ್ಯವಸ್ಥೆ ಬೇಕು. ಸ್ವಂತ ಗಣಕ ವಿಭಾಗವಿರುವ ಸಂಸ್ಥೆಗಳು ಪೂರ್ಣ ಇಡಿಆರ್ ಅನ್ನು ತಾವೇ ನಿರ್ವಹಿಸಬಹುದು. ವಾಜುವಿಗೆ ಪರವಾನಗಿ ಶುಲ್ಕವಿಲ್ಲವೆಂಬುದು ನಿಜ. ಆದರೆ ಅದಕ್ಕೆ ಪ್ರತ್ಯೇಕ ಸರ್ವರ್ ಮತ್ತು ಅದನ್ನು ಬಲ್ಲವರೊಬ್ಬರ ಸಮಯ ಬೇಕಾಗುವುದರಿಂದ ಅಂತಹವರು ಇಲ್ಲದ ಕಡೆ ಅದು ಅಗ್ಗವಲ್ಲ.

ದಾಳಿ ನಡೆದಿರುವುದು ಕಂಡುಬಂದಲ್ಲಿ

ಬಾಧಿತ ಯಂತ್ರದ ಜಾಲದ ತಂತಿಯನ್ನು ಕಳಚಿ ವೈ-ಫೈ ನಿಲ್ಲಿಸಬೇಕು. ಸಾಧ್ಯವಾದಷ್ಟು ಮಟ್ಟಿಗೆ ಯಂತ್ರವನ್ನು ಆರಿಸಬಾರದು. ಆರಿಸಿದಲ್ಲಿ ಮೆಮೊರಿಯಲ್ಲಿರುವ ಸಾಕ್ಷ್ಯ ನಾಶವಾಗುತ್ತದೆ. ಪರದೆಯ ಮೇಲಿನ ಬೆದರಿಕೆಯ ಸಂದೇಶದ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ತಜ್ಞರು ನೋಡುವ ಮುನ್ನ ಯಂತ್ರವನ್ನು ಫಾರ್ಮ್ಯಾಟ್ ಮಾಡುವುದಾಗಲೀ ಬ್ಯಾಕಪ್ ಡಿಸ್ಕನ್ನು ಜೋಡಿಸುವುದಾಗಲೀ ಕೂಡದು. ಹಣ ವರ್ಗಾವಣೆಯಾಗಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಸರ್ಟ್-ಇನ್ ಸಂಸ್ಥೆಯ ಶುಲ್ಕರಹಿತ ದೂರವಾಣಿ ಸಂಖ್ಯೆ 1800-11-4949. ಆರು ಗಂಟೆಗಳೊಳಗೆ ಎಲ್ಲಾ ವಿವರಗಳೂ ದೊರೆತಿರಬೇಕೆಂದಿಲ್ಲ. ಘಟನೆ ಗಮನಕ್ಕೆ ಬಂದ ಸಮಯ, ಬಾಧಿತ ಯಂತ್ರಗಳ ಸಂಖ್ಯೆ ಮತ್ತು ಕಂಡ ಲಕ್ಷಣಗಳನ್ನು ಮೊದಲು ತಿಳಿಸಿ, ಉಳಿದ ಮಾಹಿತಿಯನ್ನು ನಂತರ ಸಲ್ಲಿಸಲು ಅವಕಾಶವಿರುತ್ತದೆ.